ನಮ್ಮ ಮನೆಯವರ ರಾಷ್ಟ್ರಹಿತ

ದೇಶ ದೇಶಗಳ ನಡುವೆ ನೀತಿಗೆ ಜಾಗವಿಲ್ಲ, ಬಲ ಮತ್ತು ಹಿತ ಎರಡೇ ನಿಜ ಎಂದು ಜೀವನವಿಡೀ ಕಾಲೇಜಿನಲ್ಲಿ ಪಾಠ ಹೇಳಿದವರನ್ನು ಕಟ್ಟಿಕೊಂಡರೆ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆದಾಗ ನಗುವಂತಿಲ್ಲ, ಅವರಿಗೆ ಸಿಟ್ಟು ಬರುತ್ತದೆ. ಅದಕ್ಕೇ ಈಗ ಬರೆಯುತ್ತ ನಗುತ್ತಿದ್ದೇನೆ.

ದೊಡ್ಡ ದೇಶ, ಸಣ್ಣ ದೇಶ

ಇವರು ನೌಕರಿಯಲ್ಲಿದ್ದಾಗ ಒಬ್ಬ ಹುಡುಗ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ. "ಸರ್, ಉಳಿವಿನ ಪ್ರಶ್ನೆ ಬಂದಾಗ ನೀತಿ ಹಿಂದಕ್ಕ ಸರೀತದ ಅಂತ ನೀವೇ ಕಲಿಸೀರಿ" ಎಂದನಂತೆ.

ಇವರು ಪೇಪರು ಕಸಿದುಕೊಂಡು, "ಖರೆ ಅದ. ಆದ್ರ ಈ ಕೋಣ್ಯಾಗ ನಾ ದೊಡ್ಡ ದೇಶ, ನೀ ಸಣ್ಣ ದೇಶ" ಎಂದರಂತೆ.

ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಸಂಜೆ ಆ ಸಣ್ಣ ದೇಶದ ಮನೆಗೆ ಹೋಗಿ, ಮರುಪರೀಕ್ಷೆಗೆ ಪಾಠ ಹೇಳಿಕೊಟ್ಟು ಬಂದರು.

ರಾಯಭಾರಿ

ನಾನು ರಾಯಚೂರು ಬಿಟ್ಟು ಬಂದು ಎಷ್ಟೋ ಕಾಲವಾಯಿತು. ಈಗ ನಾವಿರುವುದು ಪುಣೆಯ ನಿಗಡಿಯಲ್ಲಿ, ಒಂದೇ ಕಂಪೌಂಡಿನೊಳಗಿನ ಎರಡು ಬಿಲ್ಡಿಂಗುಗಳಲ್ಲಿ ಒಂದರಲ್ಲಿ. ಬೋರ್‌ವೆಲ್ ನಮ್ಮ ಕಡೆ ಇದೆ. ಕುಡಿಯುವ ನೀರಿನ ಟ್ಯಾಂಕರ್ ಬರುವ ಗೇಟು ಎದುರು ಬಿಲ್ಡಿಂಗಿನ ಕಡೆ. ಕಳೆದ ಬೇಸಿಗೆಯಲ್ಲಿ ಬೋರಿನ ನೀರು ಕಡಿಮೆಯಾದಾಗ ನಮ್ಮವರು ಸಭೆ ಸೇರಿ, ಎದುರಿನವರಿಗೆ ಹೋಗುವ ನೀರು ಬಂದ್ ಮಾಡುವುದೆಂದು ಠರಾಯಿಸಿದರು. ಇದನ್ನು ಹೇಳಿಬರಲು, ವಿದೇಶ ವ್ಯವಹಾರ ಗೊತ್ತಿದ್ದವರೆಂದು ಇವರನ್ನೇ ಆರಿಸಿದರು.

ಆ ಕಡೆಯ ಪ್ರತಿನಿಧಿ ಯಾರೆಂದರೆ ಇವರ ಜೀವದ ಗೆಳೆಯ, ಬ್ಯಾಂಕಿನಿಂದ ನಿವೃತ್ತರಾದ ಸೊಲ್ಲಾಪುರದ ಕಾಕಾ. ಇಡೀ ಸೊಸೈಟಿಯಲ್ಲಿ ಇವರ ಜೊತೆ ಕನ್ನಡದಲ್ಲಿ ಜಗಳಾಡಬಲ್ಲವರು ಅವರೊಬ್ಬರೇ. ಮಾತುಕತೆ ನಮ್ಮ ಮನೆಯಲ್ಲೇ ಆಯಿತು. ಮೂರು ಸಲ ಚಹಾ ಕೊಟ್ಟೆ.

"ಮೂರನೇ ಮಾಳಿಗ್ಯಾಗ ಬಾಣಂತಿ ಅದಾಳ್ರಿ ಸರ್. ಇಪ್ಪತ್ತು ದಿನದ ಕೂಸು" ಎಂದರು ಕಾಕಾ.

ಇವರು ಕನ್ನಡಕ ಒರೆಸುತ್ತ, "ಪರರಾಷ್ಟ್ರದ ಬಾಣಂತಿ ನಮ್ಮ ವ್ಯಾಪ್ತಿಗೆ ಬರಂಗಿಲ್ರಿ" ಎಂದರು.

"ಹಂಗಾದ್ರ ನಿಮ್ಮ ಟ್ಯಾಂಕರ್ ನಮ್ಮ ಗೇಟಿನಾಗ ಬರಂಗಿಲ್ರಿ."

ಕಾಕಾ ಎದ್ದು ಹೋದರು. ಹೋಗುವಾಗ ನಾನು ಕೊಟ್ಟ ಚೂಡಾ ಅವಲಕ್ಕಿಯ ತಟ್ಟೆ ಮಾತ್ರ ಖಾಲಿ ಮಾಡಿಯೇ ಹೋದರು.

ಬೆಂಚಿನ ಎರಡು ತುದಿ

ಮರುದಿನವೇ ಆ ಕಡೆಯ ನೀರಿನ ವಾಲ್ವ್ ಬಂದ್ ಆಯಿತು, ನಮ್ಮ ಟ್ಯಾಂಕರಿಗೆ ಗೇಟಿನಲ್ಲಿ ಬೀಗ ಬಿತ್ತು. ಇಬ್ಬರ ಮಾತು ನಿಂತಿತು, ಬೆಂಚು ಬಿಡಲಿಲ್ಲ. ಸಂಜೆ ಐದಕ್ಕೆ ಇಬ್ಬರೂ ಬಂದು ಬೇವಿನ ಗಿಡದ ಕೆಳಗೆ ಒಂದೊಂದು ತುದಿಗೆ ಕೂಡುವರು. ನಡುವೆ ನಾನು, ಕಾಕಾನ ಬಾಯಲ್ಲಿ ವೈನಿ, ಅಂದರೆ ಅತ್ತಿಗೆ.

"ಅವರಿಗೆ ಹೇಳು, ಪೇಪರಿನಾಗ ಸೊಲ್ಲಾಪುರದ ಸುದ್ದಿ ಬಂದದ."

"ಅವರಿಗೆ ಹೇಳ್ರಿ ವೈನಿ, ನಾ ಮುಂಜಾನೇನ ಓದೇನಿ."

ರಾತ್ರಿ ಇವರು ರೊಟ್ಟಿ ಅರ್ಧಕ್ಕೇ ಬಿಡುವರು. ಕೇಳಿದರೆ "ಹಸಿವಿಲ್ಲ" ಅನ್ನುವರು. ಈ ಊರಿನಲ್ಲಿ ಇನ್ನೊಬ್ಬ ಗೆಳೆಯನನ್ನು ಹುಡುಕುವ ವಯಸ್ಸು ಇವರದಲ್ಲ ಎಂದು ನನಗೂ ಒಳಗೊಳಗೇ ಸಂಕಟ. ಒಂದು ಸಂಜೆ ಬೇಸತ್ತು, "ನಿಮ್ಮ ನಡುವೆ ನಾ ಯಾಕ" ಎಂದು ಎದ್ದೆ. ಇಬ್ಬರೂ ಒಟ್ಟಿಗೆ ಗಾಬರಿಯಾದರು. "ವೈನಿ, ನೀವು ಹೋದ್ರ ನಾವು ಮಾತಾಡೋದು ಹ್ಯಾಂಗ್ರಿ?"

ಒಂದರಿಂದ ನಾಲ್ಕು

ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ನಿದ್ದೆಯ ಹೊತ್ತು. ಅಂಗಡಿ ಮುಚ್ಚಿರುತ್ತವೆ, ಬೆಲ್ ಒತ್ತಿದವರಿಗೆ ಶಾಪ. ಯಾರಿಗೂ ಗೊತ್ತಾಗದಂತೆ ಏನಾದರೂ ಮಾಡಬೇಕಿದ್ದರೆ ಅದೇ ಸರಿಯಾದ ಸಮಯ. ಇವರ ಗೊರಕೆ ಶುರುವಾದ ಮೇಲೆ ನಾನು ಸೆರಗಿನಡಿ ಒಂದು ಕೊಡ ನೀರು ಮುಚ್ಚಿಕೊಂಡು ಆ ಬಾಣಂತಿಯ ಮನೆಗೆ ಒಯ್ದು ಕೊಡುತ್ತಿದ್ದೆ. ನಾಲ್ಕು ದಿನ ನಡೆಯಿತು.

ಐದನೇ ದಿನ ಅಡಿಗೆಮನೆ ಒರೆಸಿ ಬರುವುದರೊಳಗೆ ಇವರ ಹಾಸಿಗೆಯೇ ಖಾಲಿ. ಕೊಡ ಎತ್ತಿಕೊಂಡು ಕೆಳಗಿಳಿದೆ. ಪಂಪಿನ ಕೋಣೆಯಲ್ಲಿ ನಮ್ಮ ರಾಯಭಾರಿಗಳು ಪಾಯಿಜಾಮ ಮೊಣಕಾಲಿಗೆ ಏರಿಸಿ, ಎದುರು ಬಿಲ್ಡಿಂಗಿನ ವಾಲ್ವ್ ತಿರುಗಿಸುತ್ತಿದ್ದರು! ಆ ಪಾಯಿಜಾಮದ ಅಂಚು ನಾಲ್ಕು ದಿನದಿಂದ ಯಾಕೆ ಒದ್ದೆಯಾಗುತ್ತಿತ್ತು ಎಂದು ಆಗ ತಿಳಿಯಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಕಾಕಾ ಬರಿಗಾಲಲ್ಲಿ, ತುಟಿಯ ಮೇಲೆ ಬೆರಳಿಟ್ಟುಕೊಂಡು, "ಹಾರ್ನ್ ಹೊಡೀಬ್ಯಾಡಪಾ" ಎಂದು ಪಿಸುಗುಟ್ಟುತ್ತ ನಮ್ಮ ಟ್ಯಾಂಕರನ್ನು ಒಳಗೆ ಕರೆತರುತ್ತಿದ್ದರು. ಗೇಟಿಗೆ ಬೀಗ ಬಿದ್ದರೂ ನಮ್ಮ ನೀರಿನ ಟಾಕಿ ಯಾಕೆ ಬತ್ತಿರಲಿಲ್ಲ ಎಂಬುದೂ ತಿಳಿಯಿತು.

ಇಬ್ಬರೂ ಎದುರುಬದುರಾಗಿ ನಿಂತುಬಿಟ್ಟರು.

"ಇದೇನು ನೀತಿ ಅಲ್ರಿ ಕಾಕಾ" ಎಂದರು ಇವರು, ವಾಲ್ವಿನ ಮೇಲಿಂದ ಕೈ ತೆಗೆಯದೆ. "ನೆರೆಯವರು ಅಶಾಂತರಾದ್ರ ನಮಗೇ ತ್ರಾಸು. ಶುದ್ಧ ರಾಷ್ಟ್ರಹಿತ."

"ನಂದೂ ನೀತಿ ಅಲ್ರಿ ಸರ್" ಎಂದರು ಕಾಕಾ. "ನಿಮ್ಮ ಮನ್ಯಾಗ ನೀರಿಲ್ದಿದ್ರ ನನಗ ಚಹಾ ಎಲ್ಲಿಂದು?"

ಆಮೇಲೆ ಇಬ್ಬರೂ ನನ್ನ ಕೊಡ ನೋಡಿದರು. "ನಿಂದೇನು?" ಎಂದರು ಇವರು.

"ನನಗ ನಿಮ್ಮಷ್ಟು ವಿದ್ಯಾ ಇಲ್ರಿ. ಕೂಸಿಗೆ ಎರೀಲಿಕ್ಕೆ ನೀರು."

ಅಷ್ಟರಲ್ಲಿ ಎದುರಿನ ಮೂರನೇ ಮಾಳಿಗೆಯಿಂದ ಬಾಣಂತಿಯ ತಾಯಿ ಬಗ್ಗಿ ಮರಾಠಿಯಲ್ಲಿ ಕೂಗಿದಳು: "ಸರ್, ನಿನ್ನೆ ನೀರು ಸಣ್ಣಗೆ ಬಂತು! ಇವತ್ತು ಇನ್ನೆರಡು ಸುತ್ತು ತಿರುವಿ!"

ತಲೆಯೆತ್ತಿ ನೋಡಿದರೆ ಎರಡೂ ಬಿಲ್ಡಿಂಗಿನ ಬಾಲ್ಕನಿ ತುಂಬ ಜನ. ಯಾರೊಬ್ಬರೂ ಮಲಗಿರಲಿಲ್ಲ.

ಇವರು ಕಾಕಾನ ಕಡೆ ತಿರುಗಿ, "ನೋಡಿದ್ರ್ಯಾ ನಿಮ್ಮ ದೇಶ? ಕೃತಜ್ಞತಾ ಅಂಬೋದ ಇಲ್ಲ" ಎಂದರು. ವಾಲ್ವ್ ಮಾತ್ರ ನಾಲ್ಕು ಸುತ್ತು ತಿರುವಿದರು.