ಮೀಟರಿನ ಮೇಲಿನ ಕುಂಕುಮ

ಉರಿಯುವ ಯಾವ ದೀಪ ಕಂಡರೂ ನನಗೆ ಮೊದಲು ಹುಟ್ಟುವುದು ಭಕ್ತಿ. ಅನುಮಾನ ಆಮೇಲೆ, ಅದೂ ಹೆಂಡತಿ ಹುಟ್ಟಿಸಿದರೆ. ಮೂವತ್ತು ವರ್ಷ ಕೊಟ್ಟೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದವನು ಹೀಗೆ ಹೇಳಬಾರದು, ಗೊತ್ತು. ಆದರೆ ಕಾರಿನ ಚಾವಿ ತಿರುಗಿಸಿದಾಗ ಸ್ಟೇರಿಂಗಿನ ಹಿಂದೆ ಕೆಂಪು, ಹಳದಿ ದೀಪಗಳು ಒಮ್ಮೆಲೇ ಹತ್ತಿ ಒಂದೊಂದಾಗಿ ಆರುವುದನ್ನು ನೋಡುತ್ತ ಕುಳಿತರೆ ಹೊರಟ ಊರೇ ಮರೆತುಹೋಗುತ್ತದೆ. ಅವುಗಳ ಅರ್ಥ ತಿಳಿಸುವ ಪುಸ್ತಕವೊಂದು ಕಾರಿನಲ್ಲೇ ಇದೆ. ನಾಲ್ಕು ವರ್ಷವಾದರೂ ಅದರ ಪ್ಲಾಸ್ಟಿಕ್ ಕವರು ಹರಿದಿಲ್ಲ. ಮೇಲೆ ವಿಭೂತಿ ಗಟ್ಟಿ, ಊದುಬತ್ತಿ ಪೊಟ್ಟಣ ಕೂತಿವೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಹತ್ತುವ ಹಳದಿ ಚಿತ್ರವನ್ನು ನಾನು ಆರು ತಿಂಗಳು ಹಂಡೆ ಎಂದು ತಿಳಿದು, ಒಳಗೆಲ್ಲೋ ನೀರು ಕಾಯುತ್ತಿದೆ ಎಂದು ನೆಮ್ಮದಿಯಾಗಿದ್ದೆ.

ನನ್ನ ಹೆಂಡತಿ ಗಂಗಮ್ಮ ಪ್ರತಿ ಸೋಮವಾರ ಕಾರು ಒರೆಸಿ, ಮೀಟರಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಾಳೆ. ಆ ಸೋಮವಾರ ಹಲವಾಗಲಿನಲ್ಲಿ ಅವಳ ತಮ್ಮನ ಮಗಳಿಗೆ ಹೆಸರಿಡುವ ಕಾರ್ಯ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳಿದ ಕೂಡಲೇ ನೆರೆದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ತಮ್ಮನಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು, ಅವನಿಗಿರುವ ಒಬ್ಬಳೇ ಅಕ್ಕ ಇವಳು. ಆ ಗುದ್ದಿಗಾಗಿ ಗಂಗಮ್ಮ ಹನ್ನೊಂದು ವರ್ಷ ಬೆನ್ನು ಕಾದಿರಿಸಿಕೊಂಡಿದ್ದಳು.

ಹರಪನಹಳ್ಳಿ ದಾಟಿದೆವು. ಎರಡೂ ಬದಿಗೆ ಮೆಕ್ಕೆಜೋಳ ತೂಗುತ್ತಿತ್ತು, ಮೋಡದ ನೆರಳು ರಸ್ತೆ ದಾಟುತ್ತಿತ್ತು. ನಾನು ಅರ್ಧ ಕಾರಿನಲ್ಲಿ, ಅರ್ಧ ಮೋಡದಲ್ಲಿ ಇದ್ದೆ.

"ರೀ, ಅಲ್ಲೇನೋ ಕೆಂಪಗ ಹತ್ತೈತಿ ನೋಡ್ರಿ" ಎಂದಳು.

"ನೀನ ಇಟ್ಟ ಕುಂಕುಮ ಅದು. ಬಿಸಿಲಿಗೆ ಹೊಳೀತೈತಿ."

"ಕುಂಕುಮ ಹಿಂಗ ಉರೀತೈತೇನ್ರಿ?"

ಬೆಳಕಿನ ಪ್ರತಿಫಲನದ ಬಗ್ಗೆ ಏಳನೆಯ ತರಗತಿಯ ಪಾಠವನ್ನು ಅವಳಿಗೆ ಪೂರ್ತಿ ಒಪ್ಪಿಸಿದೆ. ಪಾಠ ಮುಗಿಯುವಷ್ಟರಲ್ಲಿ ಇಂಜಿನ್ ಕಟಕಟ ಎಂದಿತು. ಬೆದರಿ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಹಲವಾಗಲಿನ ಬಸ್ಸು ಆಗಲೇ ನಮ್ಮನ್ನು ದಾಟಿ ಹೋಗಿತ್ತು.

ಫೋನು ಮಾಡಿದ್ದಕ್ಕೆ ಹರಪನಹಳ್ಳಿಯಿಂದ ಮೆಕ್ಯಾನಿಕ್ ಖಾದರ್ ಸಾಬರು ಬೈಕಿನಲ್ಲಿ ಬಂದರು. ಕಾರಿನ ಕೆಳಗೆ ಬಗ್ಗಿ ನೋಡಿ, ಚಾವಿ ತಿರುಗಿಸಿ, ಹೆಬ್ಬೆರಳಿನಿಂದ ಕುಂಕುಮವನ್ನು ಮೆಲ್ಲಗೆ ಸರಿಸಿದರು. ಅದರ ಹಿಂದೆ ಪುಟ್ಟ ಗಿಂಡಿಯೊಂದು, ಬಾಯಲ್ಲಿ ಒಂದು ಹನಿ ಹಿಡಿದು, ಕೆಂಪಗೆ ಉರಿಯುತ್ತಿತ್ತು.

"ಆಯಿಲ್ ಲೈಟ್ರೀ ಇದು, ಮಾಸ್ತರ. ಎಣ್ಣಿ ಎಲ್ಲಾ ಸೋರಿ ಹೋಗೈತಿ. ಇನ್ನೊಂದೀಟು ಓಡ್ಸಿದ್ರ ಇಂಜಿನ್ನ ಹೋಗಿಬಿಡ್ತಿತ್ತು. ಎಷ್ಟೊತ್ತಾತ್ರಿ ಹತ್ತಿ?"

"ಒಂದು ಪಾಠ ಆಗೂವಷ್ಟು ಹೊತ್ತು" ಎಂದಳು ಗಂಗಮ್ಮ, ನನ್ನ ಕಡೆ ನೋಡದೆ.

ಸೋರಿಕೆ ಮುಚ್ಚಲು ಎರಡು ತಾಸು ಬೇಕೆಂದರು ಸಾಬರು. ಹನ್ನೆರಡರೊಳಗೆ ಹೆಸರಿಡಬೇಕು, ಉಳಿದಿದ್ದು ಕಾಲು ತಾಸು ಮಾತ್ರ. ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಕಾರು ಕೆಟ್ಟ ಸುದ್ದಿ ಮೊದಲೇ ತಿಳಿಸಿದ್ದೆವು, ಅಷ್ಟರಲ್ಲಿ ತಮ್ಮನೇ ಫೋನು ಮಾಡಿದ: "ಅಕ್ಕಾ, ಅಳಬ್ಯಾಡ. ಕೂಸಿನ ಕಿವೀಗೆ ಫೋನ್ ಹಿಡೀತೀನಿ, ಅಲ್ಲಿಂದನ ಹೇಳು."

ಗಂಗಮ್ಮ ಮೆಕ್ಕೆಜೋಳದ ಕಡೆ ಮುಖ ಮಾಡಿ, ಫೋನಿಗೆ ಅಂಗೈ ಅಡ್ಡ ಹಿಡಿದು, ಮೂರು ಸಲ ಪಿಸುಗುಟ್ಟಿದಳು. ಗಾಳಿ ನಿಂತಿತ್ತು. ಸಾಬರು ಪಾನಾ ಕೆಳಗಿಟ್ಟು ತಲೆ ತಗ್ಗಿಸಿದರು. ಆ ಹೆಸರು ಹೊಲಗಳ ಮೇಲೆ ತೇಲಿ ಹಲವಾಗಲಿನ ಹೊಳೆಯ ದಡದ ತೊಟ್ಟಿಲಿಗೆ ಇಳಿಯುವುದನ್ನು ನಾನು ಕಣ್ಣು ಮುಚ್ಚಿ ನೋಡುತ್ತ ನಿಂತೆ.

ಫೋನಿನಲ್ಲಿ ಹೆಂಗಸರ ನಗೆ ಕೇಳಿತು. "ಅತ್ತಿ ಇಲ್ಲಲ್ಲ, ಗುದ್ದು ಯಾರಿಗೆ ಹಾಕೂದು?"

"ಚಿಂತಿ ಮಾಡಬ್ಯಾಡ್ರೆವ್ವಾ. ಇಲ್ಲೊಬ್ರು ಖಾಲಿ ನಿಂತಾರ" ಎಂದಳು ಗಂಗಮ್ಮ.

ಹನ್ನೊಂದು ವರ್ಷದ ಗುದ್ದು ನನ್ನ ಬೆನ್ನಿಗೆ ಬಿತ್ತು. ಬೀಳುವ ಮೊದಲು ಅವಳ ಕಣ್ಣಲ್ಲೇನಾದರೂ ಕೆಂಪಗೆ ಹತ್ತಿತ್ತೋ ಏನೋ. ಹತ್ತಿದ್ದರೂ ಅದು ಬಿಸಿಲಿನ ಹೊಳಪೆಂದೇ ನಾನು ಹೇಳುತ್ತಿದ್ದೆ.