ಮಾಮಾ ಮೇಸಾಕ ತಂದ ಕಾರು

ಪುಣೆದಾಗ ಮಂದಿ ಎರಡು ಕಾರಣಕ್ಕ ಕಾರ್ ತಗೋತಾರ. ಒಂದು, ಎಲ್ಲೆರೆ ಹೋಗಿ ಬರಾಕ. ಇನ್ನೊಂದು, ಬಾಜೂ ಮನಿಯವ್ರ ಹೊಟ್ಟಿ ಉರಿಸಾಕ. ನಮ್ಮ ಮಾಮಾ ಒಬ್ರ ನೋಡ್ರಿ, ಮೇಸಾಕ ಅಂತ ಕಾರ್ ತಗೊಂಡಾರ.

ಸುಳ್ಳಲ್ಲ, ಹೇಳ್ತೀನಿ ಕೇಳ್ರಿ. ಮಾಮಾ ಅಂದ್ರ ನಮ್ಮ ಅಕ್ಕನ ಗಂಡ, ನಾ ಇರೂದೂ ಅವರ ಮನ್ಯಾಗನ. ಇಂಡಿ ಕಡೀಂದ ಬಂದು ಮೂವತ್ತೈದು ವರ್ಷ ಇಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದ ಮನಷ್ಯಾ. ಸ್ಲ್ಯಾಬ್ ಹಾಕೂ ಮೊದ್ಲ ಕೆಳಗ ಹಲಗಿ ಬಡದು ಕಂಬ ನಿಲ್ಲಸ್ತಾರಲ್ಲ, ಆ ಕೆಲಸ. ಅವರು ಹಲಗಿ ಬಡದ ಬಿಲ್ಡಿಂಗ್ ಒಂದೂ ಇನ್ನೂ ಬಿದ್ದಿಲ್ಲ. ಇದನ್ನ ಹೊಗಳಿಕಿ ಅಂತ ತಿಳ್ಕೋಬ್ಯಾಡ್ರಿ, ನನಗೂ ಅದು ಹೆಂಗ ಅಂತ ಆಶ್ಚರ್ಯನ ಅದ. ವಯಸ್ಸು ಅರವತ್ತು ದಾಟಿದ ಮ್ಯಾಲ ಕೆಲಸ ಬಿಟ್ಟು ಬಿಬವೇವಾಡಿ ಮನ್ಯಾಗ ಸುಮ್ನ ಟೀವಿ ನೋಡ್ಕೋತ ಕುಂದ್ರಬೇಕಿಲ್ಲ? ಕುಂದ್ರಲಿಲ್ಲ.

ಅವರ ಕಡೀ ಕೆಲಸ ಒಂದು ಹಳೇ ಬಂಗಲೇದಾಗ ಇತ್ತು. ಬಂಗಲೆ ಕೆಡವಿ ಏಳು ಮಜಲಾ ಕಟ್ಟೋರಿದ್ರು. ಬಂಗಲೇದ ಮಾಲಕಿ ಒಬ್ರು ಮರಾಠಿ ಆಜಿ. ಅವರ ಗಂಡ ಹರೇದಾಗ ಓಡಿಸಿದ್ದ ಕಾರು ಗ್ಯಾರೇಜಿನ್ಯಾಗ ತಾಡಪತ್ರಿ ಹೊದ್ಕೊಂಡು ನಿಂತಿತ್ತು. ವಿಲಾಯತಿ ಗಾಡಿ, ರೇಸಿನ ಗಾಡಿ ನಮೂನಿ. ಉದ್ದ ಮೂತಿ, ತಂತಿ ಗಾಲಿ, ಮ್ಯಾಲ ತಗಡಿಲ್ಲ, ಮಡಚು ಬಟ್ಟಿ ಟೊಪಿಗಿ. ನೆಲಕ್ಕ ಎಷ್ಟು ಹತ್ರ ಅಂದ್ರ, ಒಳಗ ಕುಂತು ಕೈ ಹೊರಗ ಬಿಟ್ರ ರಸ್ತಾದ ಮ್ಯಾಲ ಬಿದ್ದ ಶೇಂಗಾ ಆರಿಸಬಹುದು. ಆಜಿ ಅದನ್ನ ಭಂಗಾರಕ್ಕ, ಅಂದ್ರ ಗುಜರಿಗೆ, ಹಾಕಾಕ ಹೊಂಟಿದ್ರು. ಮಾಮಾ ಅಡ್ಡ ಹೋಗಿ ನಿಂತ್ರು.

ಬ್ಯಾರೆ ಯಾರರೆ ಆಗಿದ್ರ ಇಂಜಿನ್ ನೋಡ್ತಿದ್ರು, ಕಾಗದಪತ್ರ ಕೇಳ್ತಿದ್ರು. ಮಾಮಾ ನೋಡಿದ್ದು ಹೆಂಗ ಗೊತ್ತೇನ್ರಿ? ದನದ ಸಂತ್ಯಾಗ ಹೋರಿ ನೋಡಿದಂಗ. ಮೊದ್ಲ ಸುತ್ತ ಮೂರು ಸಲ ತಿರಗಿದ್ರು. ಬೆನ್ನ ಮ್ಯಾಲ ಕೈ ಆಡಿಸಿದ್ರು. ಬಾನೆಟ್ ಎತ್ತಿ ಒಳಗ ಮೂಗು ಹಾಕಿ ವಾಸನಿ ತಗೊಂಡ್ರು. ಆಮ್ಯಾಲ ಚಾಳೀಸು ಏರಿಸ್ಕೊಂಡು ಅದರ ಮೈ ತುಂಬ ಏನೋ ಹುಡಕಾಕ ಹತ್ತಿದ್ರು.

"ಕಾಯ್ ಬಘತಾಯ್, ಮಿಸ್ತ್ರಿ?" ಅಂತ ಆಜಿ ಕೇಳಿದ್ರು. ಏನು ನೋಡಾಕತ್ತೀರಿ ಅಂತ.

"ಸುಳಿ ನೋಡಾಕತ್ತೀನ್ರಿ ಆಜಿ," ಅಂತ ಮಾಮಾ ಮರಾಠಿದಾಗನ ಹೇಳಿದ್ರು.

ದನಾ ಕೊಳ್ಳೋರು ಮೈಮ್ಯಾಲಿನ ಕೂದಲ ಸುಳಿ ನೋಡ್ತಾರ. ಯಾವ ಸುಳಿ ಮನಿಗೆ ಚಲೋ, ಯಾವ ಸುಳಿ ಮಾಲಕಗ ಕೆಟ್ಟದ್ದು ಅಂತ. ಕಾರಿಗೆ ಎಲ್ಲಿ ಕೂದಲು? ಆದ್ರ ಬಲಗಡೆ ಮುಂದಿನ ಗಾಲಿ ಮ್ಯಾಲ ಎಂಟಾಣೆಯಷ್ಟು ದುಂಡಗ ಜಂಗ್ ಹಿಡದಿತ್ತು. ಮಾಮಾ ಅದನ್ನ ಬೆರಳಿಲೆ ತಿಕ್ಕಿ ನೋಡಿ, "ಬಲಗಡೆ ಹೆಗಲ ಸುಳಿ. ಭಾಳ ಚಲೋ ಜಾತಿ," ಅಂದ್ರು. ಆಜಿ ನಕ್ಕೋತ ಭಂಗಾರದ ಭಾವಕ್ಕ ಕೊಟ್ಟುಬಿಟ್ರು. ಒಬ್ಬ ಹುಚ್ಚಪ್ಪ ಸಿಕ್ಕಾನ ಅಂತ ಖುಷಿ ಆಗಿರಬೇಕು.

ಟೆಂಪೋದಾಗ ಹೇರ್ಕೊಂಡು ಬಂದು ನಮ್ಮ ಬಿಲ್ಡಿಂಗಿನ ಕೆಳಗ ಇಳಸಿದಾಗ ಅಕ್ಕ ಆರತಿ ತರ್ಲಿಲ್ಲ. ಸೆರಗು ಸೊಂಟಕ್ಕ ಸಿಗಿಸ್ಕೊಂಡು ಕೆಳಗ ಬಂದ್ಲು.

"ಇದರಾಗ ಎಷ್ಟು ಮಂದಿ ಹಿಡಸ್ತಾರ?"

"ಇಬ್ರು."

"ಮಗಳು, ಅಳಿಯ, ಮೊಮ್ಮಕ್ಕಳು ಬಂದ್ರ?"

"ಅವ್ರು ರಿಕ್ಷಾದಾಗ ಬರ್ಲಿ. ಇದು ನಿನಗ ಮತ್ತ ನನಗ."

"ನಾ ಕುಂದ್ರಂಗಿಲ್ಲ," ಅಂದ್ಲು ಅಕ್ಕ. "ನನ್ನ ಮೊಣಕಾಲು ಮಡಚಂಗಿಲ್ಲ. ಅದರಾಗ ಕುಂತ್ರ ಎಬ್ಬಸಾಕ ನಾಕು ಮಂದಿ ಬೇಕು. ಸ್ವಾರಗೇಟದಾಗ ಬೇಕಾದಷ್ಟು ಬಸ್ ಅದಾವ, ನನಗ ಅವ ಸಾಕು."

"ಒಂದ ಸಲ. ಕಾತ್ರಜ ಘಾಟ ಹತ್ತಿ ಇಳಸ್ಕೊಂಡು ಬರ್ತೀನಿ. ಒಂದ ಸಲ ಕುಂದ್ರು."

"ಖಂಡೇನವಮಿ ತನಕ ನೋಡ್ತೀನಿ. ಅಷ್ಟರಾಗ ನಾ ಅದರಾಗ ಕುಂತಿದ್ರ ಸರಿ. ಇಲ್ಲಂದ್ರ ಮರುದಿನಾನ ಭಂಗಾರದಾಂವನ್ನ ಕರಸ್ತೀನಿ."

"ಕುಂದ್ರಬೇಕಾದಾಕಿನೂ ನೀನ, ಭಂಗಾರಕ್ಕ ಹಾಕಾಕಿನೂ ನೀನ. ಇದೆಂಥಾ ನ್ಯಾಯ?"

"ಮನಿ ನ್ಯಾಯ," ಅಂದು ಅಕ್ಕ ಮ್ಯಾಲ ಹೋದ್ಲು.

ಖಂಡೇನವಮಿಗೆ, ಅಂದ್ರ ದಸರಾದ ಆಯುಧ ಪೂಜಾಕ್ಕ, ಇನ್ನ ಎರಡು ತಿಂಗಳಿತ್ತು. ಎರಡು ತಿಂಗಳದಾಗ ಶಾಣ್ಯಾ ಮನಷ್ಯಾ ಏನು ಮಾಡ್ತಾನ? ಗಾಡಿ ರಿಪೇರಿ ಮಾಡಸ್ತಾನ. ಮಾಮಾ ಮೊದಲಿನ ಐದು ದಿನಾ ಅದನ್ನ ಮುಟ್ಟಲಿಲ್ಲ. ಯಾಕ ಅಂದ್ರ, ಹೊಸಾ ಎತ್ತು ತಂದ್ರ ಐದು ದಿನಾ ನೊಗಾ ಹಾಕಂಗಿಲ್ಲಂತ. ಮಾಲಕ ಬಾಜೂಕ ಕುಂದ್ರಬೇಕಂತ, ಅದಕ್ಕ ಇವನ ಮೈವಾಸನಿ ಗೊತ್ತಾಗಬೇಕಂತ. ಹಂಗಂತ ತಾವು ಉಟ್ಟ ಹಳೇ ಲುಂಗಿ ತಂದು ಬಾನೆಟ್ ಮ್ಯಾಲ ಹೊಚ್ಚಿದ್ರು. ಪ್ಲಾಸ್ಟಿಕ್ ಖುರ್ಚಿ ಹಾಕ್ಕೊಂಡು ಬಾಜೂಕ ಕುಂತು ಚಾ ಕುಡದ್ರು, ಪೇಪರ್ ಓದಿದ್ರು, ಅಡಕಿ ಹೋಳು ಮಾಡಿದ್ರು. ಬಿಲ್ಡಿಂಗಿನ ಮಂದಿ ಲುಂಗಿ ಹೊದ್ದ ಕಾರು ನೋಡಿ, ಪಾಪ ಮಿಸ್ತ್ರಿ ಮನ್ಯಾಗ ಬಟ್ಟಿ ಒಣಗಸಾಕ ಜಾಗಾ ಇಲ್ಲ ಅಂತ ತಿಳ್ಕೊಂಡ್ರು. ತಲಿ ಎತ್ತಿ ಅಡ್ಡಾಡಾಕ ಆಗಲಿಲ್ಲ ನನಗ.

ಆರನೇ ದಿನಾ ಬುಧವಾರ, ಒಳ್ಳೇ ದಿನಾ ಅಂತ ಚಾವಿ ತಿರಗಿಸಿದ್ರು. ಟಕ್ ಅಂತೂ ಅನ್ಲಿಲ್ಲ. ಬಿಬವೇವಾಡಿ ಬಜಾರದಾಗ ಹಳೇ ಗಾಡಿ ರಿಪೇರಿ ಮಾಡು ಒಬ್ಬ ಉಸ್ತಾದ್ ಇದ್ರು, ವಯಸ್ಸಾದ ಮನಷ್ಯಾ. ಅವರನ್ನ ಕರಕೊಂಡು ಬಂದೆ. ಗಾಡಿ ಆಜಿ ಮನಿಂದ ಬಂದಾಗ ಹೊಸಾ ಬ್ಯಾಟರಿ ಹಾಕಿಕೊಟ್ಟವ್ರು ಅವರ. ಬ್ಯಾಟರಿ ನೋಡಿ ಹೌಹಾರಿದ್ರು.

"ಐದು ದಿನದಾಗ ಹೆಂಗ ಪೂರಾ ಖಾಲಿ ಆತು?"

ಮಾಮಾ ಅಂದ್ರು, "ಲೈಟ್ ಹಚ್ಚಿಟ್ಟಿದ್ದೆ."

"ಐದೂ ದಿನಾ?"

"ಸಂಜಿ ಆದ ಮ್ಯಾಲ ಅಷ್ಟ. ಹೊಸಾ ಜಾಗಾ, ಕತ್ತಲಾಗ ಅಂಜತದ."

ಉಸ್ತಾದ್ ನನ್ನ ಮುಖಾ ನೋಡಿದ್ರು. ನಾ ಬ್ಯಾರೆ ಕಡೆ ನೋಡಿದೆ.

ಆ ಗಾಡಿದು ಒಂದೊಂದ ಗುಣಾ ತಿಳಕೋತ ಹೋದಂಗ ಮಾಮಾ ಇನ್ನೂ ಕೆಟ್ರು. ಬಾಗಲಕ್ಕ ಹೊರಗ ಹಿಡಿಕಿ ಇರಲಿಲ್ಲ. ಮುರದು ಹೋಗಿಲ್ಲ, ಮಾಡೂವಾಗನ ಇಟ್ಟಿಲ್ಲ. ಕೈ ಒಳಗ ಹಾಕಿ ಒಂದು ಹಗ್ಗ ಜಗ್ಗಿದ್ರ ಬಾಗಲಾ ತಗೀತದ. ಎಂಥಾ ದರಿದ್ರ ಗಾಡಿರಿ ಇದು ಅಂತ ನಾ ಅಂದ್ರ, ಮಾಮಾಗ ಖುಷಿನೋ ಖುಷಿ. "ಮೂಗುದಾಣ ಅದ ನೋಡು ತಮ್ಮಾ. ವಿಲಾಯತಿ ಮಂದಿನೂ ದನಾ ಕಟ್ಟಿದವ್ರ."

ಮತ್ತೊಂದು ಚೋಕ್ ಅಂತ ಗುಂಡಿ. ಥಂಡಿ ಇದ್ದಾಗ ಅದನ್ನ ಜಗ್ಗಿ ಚಾಲೂ ಮಾಡಬೇಕು, ಪೂರಾ ಜಗ್ಗಿದ್ರ ಪೆಟ್ರೋಲ್ ಉಕ್ಕಿ ಬಂದ್ ಬೀಳತದ, ಅರ್ಧಾ ಜಗ್ಗಬೇಕು. ಇದು ಉಸ್ತಾದ್ ಹೇಳಿದ ಸೀದಾ ಮಾತು. ಆದ್ರ ಬ್ಯಾಟರಿ ಚಾರ್ಜ್ ಮಾಡಿ ಮೊದಲ ಸಲ ಚಾಲೂ ಆದಾಗ ನಾ ಎಡಗಡೆ ನಿಂತು ಬಾಗಲಕ್ಕ ಕೈ ಊರಿದ್ದೆ ನೋಡ್ರಿ, ಮಾಮಾ ತಲ್ಯಾಗ ಅದ ಕುಂತುಬಿಟ್ತು. ಎಡಗಡೆ ತಟ್ಟಿದ್ರನ ಏಳತದ ಅಂತ. ಅವತ್ತಿಂದ ನಾ ಫ್ಯಾಕ್ಟರಿಯಿಂದ ದಣದು ಬರೂದ ತಡ, "ಏ ತಮ್ಮಾ, ಒಂದೀಟು ಬಂದು ತಟ್ಟು" ಅಂತ ಕೂಗತಿದ್ರು. ಐವತ್ತು ವರ್ಷದ ಗಂಡಸು ನಾನು. ಸೈಕಲ್ ಕಲಿಯೂ ಹುಡುಗೂರು ನೋಡ್ಕೋತ ನಿಂತಾರ, ನಾ ಕಾರಿನ ಪಕ್ಕಡಿ ತಟ್ಟಾಕತ್ತೀನಿ. ಹೊಟ್ಟಿಗೆ ಅನ್ನಾ ತಿನ್ನಾಂವ ಮಾಡೂ ಕೆಲಸ ಏನ್ರಿ ಇದು?

ಮೂರನೇ ಮಜಲಾದಾಗ ಮೈಸೂರು ಕಡೆ ಹುಡುಗ ಒಬ್ಬಾಂವ ಬಾಡಿಗಿ ಇದ್ದ, ಕಂಪ್ಯೂಟರ್ ಕಂಪನಿಯಾಂವ. ಅವಗ ಇಂಥಾ ಗಾಡಿ ಅಂದ್ರ ಜೀವ. ದಿನಾ ಬಂದು ಮಾಮಾನ ಬಾಜೂಕ ಕುಂದ್ರತಿದ್ದ. ಒಂದಿನಾ ಅವ ಆಫೀಸಿಂದ ಬರೂದಕ್ಕ, ಮಾಮಾ ಬ್ರಶ್ ತೊಳ್ಯಾಕತ್ತಿದ್ರು. ಮುಂದಿನ ಬಂಪರಿನ ಎರಡೂ ತುದಿ ಒಂದು ಕೆಂಪು, ಒಂದು ನೀಲಿ.

"ಸರ್, ಏನ್ ಸರ್ ಇದು? ಏನ್ ಮಾಡ್ಬಿಟ್ರಿ?"

"ಕೊಂಬಿಗೆ ಬಣ್ಣಾ ಹಚ್ಚೀನಿ."

"ಅದು ಒರಿಜಿನಲ್ ಕ್ರೋಮ್ ಸರ್. ಅರವತ್ತು ವರ್ಷದ ಹಿಂದಿನ ಕ್ರೋಮ್. ಇನ್ನೆಲ್ಲೂ ಸಿಗಲ್ಲ."

"ಅಂತನ ನೋಡಪಾ, ಬಣ್ಣಾ ಹಿಡೀವಲ್ದು. ಮೂರು ಸಲ ಹಚ್ಚಬೇಕಾತು."

ಆ ಹುಡುಗ ತಲಿ ಹಿಡ್ಕೊಂಡು ಪಾವಟಗಿ ಮ್ಯಾಲ ಕುಂತ. ಎರಡು ದಿನಾ ಲಿಫ್ಟಿನ್ಯಾಗ ನನ್ನ ಮುಖಾನೂ ನೋಡ್ಲಿಲ್ಲ. ನಾ ಏನ್ ಮಾಡಿದ್ನೆಪಾ?

ದಸರಾ ಹತ್ರ ಬಂತು. ಅಕ್ಕ ದಿನಾ ಕ್ಯಾಲೆಂಡರ್ ನೋಡ್ತಿದ್ಲು. ಮಾಮಾಗ ಒಳಗೊಳಗ ಅಂಜಿಕಿ ಹತ್ತಿತ್ತು. ಆಕಿನ್ನ ಕುಂದ್ರಿಸೂ ಮೊದ್ಲ ಒಂದು ಸಲ ಘಾಟ ಹತ್ತಿ ನೋಡೋಣು ಅಂತ ಒಂದು ಐತವಾರ ನನ್ನ ಎಡಗಡೆ ಸೀಟಿನ್ಯಾಗ ತುರುಕಿ ಹೊಂಟ್ರು. ತುರುಕಿ ಅಂದದ್ದು ಖರೇನ. ಮೊಣಕಾಲು ಗದ್ದಕ್ಕ ಬಡೀತಿದ್ವು. ಸಾತಾರಾ ರಸ್ತಾದಾಗ ಬಾಜೂಕ ಟ್ರಕ್ ಬಂದ್ರ ಅದರ ಗಾಲಿ ನನ್ನ ತಲಿಕಿಂತ ಮ್ಯಾಲ. ಜೀವಾ ಕೈಯಾಗ ಹಿಡಕೊಂಡು ಕುಂತಿದ್ದೆ.

ಘಾಟ ಎಲ್ಲಿ ಬಂತ್ರಿ? ಕಾತ್ರಜ ಚೌಕಕ್ಕನ ಇಂಜಿನ್ ಕಾವು ತೋರಸೂ ಕಾಟಾ ಕೆಂಪಿಗೆ ಹೋತು. ಬಾನೆಟ್ ಕೆಳಗಿಂದ ಹೊಗಿ. ನಡೂ ರಸ್ತಾದಾಗ ಬಂದ್ ಬಿತ್ತು. ಹಿಂದ ಹಾರ್ನಿನ ಸುರಿಮಳಿ. ಬಸ್ಸಿನ ಡ್ರೈವರ್ ಒಬ್ಬ ಖಿಡಕ್ಯಾಗಿಂದ ಬಗ್ಗಿ, "ಕಾಕಾ, ಬೈಲ್ ಜುಂಪಾ ತಿಲಾ" ಅಂದ. ಕಾಕಾ, ಅದಕ್ಕ ಎತ್ತು ಹೂಡ್ರಿ ಅಂತ. ಬಸ್ಸಿನ ಮಂದಿ ಎಲ್ಲಾ ನಕ್ರು. ನನಗ ನೆಲಾ ಬಾಯಿ ಬಿಡಬಾರದ ಅನಸ್ತು. ಮಾಮಾ ಮುಖಾ ನೋಡಿದ್ರ ಅರಳೇದ.

"ಕೇಳಿದೀ? ಒಂದ ಸಲ ನೋಡಿದ್ದಕ್ಕ ಅವಗೂ ಇದರ ಜಾತಿ ಗೊತ್ತಾತು."

ಮೂರು ತಾಸು ಕುಂತ್ವಿ. ಆರಿದ ಮ್ಯಾಲ ನೀರು ಹಾಕಿ, ಬಂದ ದಾರಿಗೆ ತಿರಗಿದ್ವಿ. ದಾರ್ಯಾಗ ನಾ ಖಡಾಖಡಿ ಹೇಳಿದೆ.

"ಮಾಮಾ, ಬಿಟ್ಟುಬಿಡ್ರಿ. ಅಕ್ಕ ಇದರಾಗ ಕುಂದ್ರಂಗಿಲ್ಲ, ಕುಂತ್ರೂ ಇದು ಘಾಟ ಹತ್ತಂಗಿಲ್ಲ. ಮಂದಿ ನಗತಾರ."

"ಮಂದಿ ನಗ್ಲಿ. ಇವತ್ತ ಯಾಕ ನಿಂತ್ತು ಗೊತ್ತದೇನು? ಎಡಗಡೆ ನೀ ಕುಂತಿ. ಅದು ನಿನ್ನ ಜಾಗಾ ಅಲ್ಲ."

ತಪ್ಪು ನಂದಾತು ನೋಡ್ರಿ. ಇಂಥಾವ್ರ ಕೂಡ ಏನು ಮಾತಾಡ್ತೀರಿ?

ಖಂಡೇನವಮಿ ದಿನಾ ಮುಂಜಾನೆ ಅಕ್ಕ ಮನ್ಯಾಗಿನ ಕಬ್ಬಿಣದ ಸಾಮಾನೆಲ್ಲಾ ಪೂಜಾ ಮಾಡಿದ್ಲು. ಸುತ್ತಿಗಿ, ಗರಗಸ, ಈಳಿಗಿ, ಮಿಕ್ಸರ್, ನನ್ನ ಸೈಕಲ್. ಆಮ್ಯಾಲ ಕುಂಕುಮದ ತಾಟ ಹಿಡಕೊಂಡು ಕೆಳಗ ಬಂದ್ಲು. "ಕಬ್ಬಿಣ ಅಂತ ಹಚ್ಚಾಕತ್ತೀನಿ, ಕಾರು ಅಂತಲ್ಲ," ಅಂತ ಮೊದಲ ಹೇಳಿ, ಮೂತಿಗೆ ಐದು ಬೊಟ್ಟು ಇಟ್ಲು. ನಾ ಫೋನಿನ್ಯಾಗ ಭಂಗಾರದಾಂವನ ನಂಬರ್ ತಗದು ತಯಾರ ನಿಂತಿದ್ದೆ. ಖರೇ ಹೇಳ್ಬೇಕಂದ್ರ ಭಾಳ ಖುಷಿಲೆ ನಿಂತಿದ್ದೆ.

ಮಾಮಾ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು, ಹಗ್ಗ ಜಗ್ಗಿ ಎಡಗಡೆ ಬಾಗಲಾ ತಗದು ಹಿಡಕೊಂಡು ನಿಂತ್ರು.

"ನಾ ಕುಂದ್ರಂಗಿಲ್ಲ ಅಂದೀನಲ್ಲ?" ಅಂದ್ಲು ಅಕ್ಕ.

ಮಾಮಾ ಮಸ್ಕಿರಿ ಮಾಡಲಿಲ್ಲ, ದನಾ ಎತ್ತು ಅನ್ಲಿಲ್ಲ. ನೆಲಾ ನೋಡ್ಕೋತ ಸಣ್ಣ ದನಿಲೆ ಅಂದ್ರು, "ಆ ಲಾರಿದಾಗ ನಾ ಮುಂದ ಕುಂತಿದ್ದೆ."

ಯಾವ ಲಾರಿ? ನನಗ ತಿಳೀಲಿಲ್ಲ. ಅಕ್ಕನ ಕೈಯಾಗಿನ ತಾಟ ಹಂಗ ನಿಂತುಬಿಟ್ತು. ಆಮ್ಯಾಲ ಆಕಿನ ಹೇಳಿದ್ಲು ನನಗ. ಮೊದಲ ಸಲ ಪುಣೆಕ್ಕ ಬಂದಾಗ ಉಳ್ಳಾಗಡ್ಡಿ ಲಾರಿ ಹತ್ತಿ ಬಂದಿದ್ರಂತ. ಕ್ಯಾಬಿನ್ನಿನ್ಯಾಗ ಒಬ್ರಿಗಷ್ಟ ಜಾಗಾ. ಹೊಸಾ ಊರು ನೋಡು ಹುರುಪಿನ್ಯಾಗ ಮಾಮಾ ಡ್ರೈವರನ ಬಾಜೂಕ ಹತ್ತಿ ಕುಂತ್ರಂತ. ಅಕ್ಕ ಮೂರು ತಿಂಗಳ ಕೂಸು ಉಡ್ಯಾಗ ಹಾಕ್ಕೊಂಡು ಹಿಂದ ಚೀಲದ ಮ್ಯಾಲ ಕುಂತಿದ್ಲು. ಮುಂಜಾನಿ ಥಂಡಿ ಗಾಳಿ, ಕೂಸು ಅತ್ತು ಅತ್ತು ದನಿ ಬಿದ್ದು ಹೋಗಿತ್ತಂತ. ಇಳದ ಮ್ಯಾಲ ಆಕಿ ಒಂದು ಮಾತು ಅನ್ಲಿಲ್ಲ. ಮಾಮಾನೂ ಕೇಳ್ಲಿಲ್ಲ. "ನಾ ಅದನ್ನ ಯಾವಾಗೋ ಮರ್ತೀನಿ," ಅಂದ್ಲು ನನ್ನ ಮುಂದ. "ಅವ್ರು ಮರ್ತಿಲ್ಲಂತ ನನಗೇನು ಗೊತ್ತು?"

ಆ ಹೊತ್ತಿನ್ಯಾಗ ಆಕಿ ತಾಟ ನನ್ನ ಕೈಯಾಗ ಕೊಟ್ಲು. ಮಾಮಾನ ಹೆಗಲ ಹಿಡ್ಕೊಂಡು, "ಯವ್ವಾ, ಯವ್ವಾ" ಅನಕೋತ ಒಂದೊಂದ ಕಾಲು ಒಳಗಿಟ್ಟು ಕುಂತ್ಲು. ಮಾಮಾ ಆಕಿ ಸೆರಗು ಬಾಗಲದಾಗ ಸಿಗಬಾರದಂತ ಮಡಚಿ ಆಕಿ ತೊಡಿ ಮ್ಯಾಲ ಇಟ್ರು.

ಗಾಡಿ ಚಾಲೂ ಆತು. ಗೇಟ್ ದಾಟಿ, ಹೊರಗಿನ ರಸ್ತಾಕ್ಕ ಹೊಳ್ಳೂದರಾಗ ಬುಸ್ ಅಂದು ಬಂದ್ ಬಿತ್ತು. ನಾ ತಾಟ ಗೋಡಿ ಮ್ಯಾಲ ಇಟ್ಟು ಓಡಿದೆ. ಅಕ್ಕ ಇಳ್ಯಾಕ ಬಾಗಲಕ್ಕ ಕೈ ಹಾಕಿದ್ಲು.

"ನೀ ಕುಂದ್ರು," ಅಂದ್ರು ಮಾಮಾ.

ನನ್ನ ಕಡೆ ತಿರಗಿ ನೋಡಿದ್ರು. ತಮ್ಮಾ ಅನ್ಲಿಲ್ಲ, ನೂಕು ಅನ್ಲಿಲ್ಲ. ಹಿಂದಿಂದ ನನಗ ಕಾಣತಿದ್ದುದು ಎರಡು ಬೆಳ್ಳನ ತಲಿ ಅಷ್ಟ. ನಾ ಚಪ್ಪಲ್ ಬಿಚ್ಚಿ ಬದೀಗೆ ಇಟ್ಟು, ಬಗ್ಗಿ ಎರಡೂ ಕೈ ಕೊಟ್ಟೆ. ಚೌಕದ ತನಕ ನೂಕಿದೆ. ಇಳೀರಿ ಅಂತ ಇಬ್ರಿಗೂ ಅನ್ಲಿಲ್ಲ.