ದನದ ಆಸ್ಪತ್ರೆಯಲ್ಲಿ ಮೂರು ಕಾಲಿನ ಕರಿಯ

ಬೇರೆಯವರಿಗೆ ಆಗದಂಥದ್ದೆಲ್ಲ ನನಗೇ ಏಕೆ ಆಗುತ್ತಿತ್ತೋ, ರಿಟೈರಾಗಿ ಇಷ್ಟು ವರ್ಷವಾದರೂ ತಿಳಿದಿಲ್ಲ. ಪಶುವೈದ್ಯನಾಗಿ ನನ್ನ ಸರ್ವಿಸಿನ ಬಹುಭಾಗ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಸುತ್ತಲೇ ಗಿರಕಿ ಹೊಡೆಯಿತು. ಅಮೃತಮಹಲ್ ದನಗಳ ಸೀಮೆ. ಅವುಗಳ ಒದೆ ತಿಂದವನಿಗೇ ಗೊತ್ತು ಅದರ ರುಚಿ. ಆದರೆ ಒದೆ ತಿಂದಾಗ ನಾನು ಬೆಚ್ಚಿದವನಲ್ಲ. ನನ್ನ ಎದೆ ಧಸಕ್ಕೆನ್ನಿಸಿದ್ದು ಒಂದು ಕಂತ್ರಿ ನಾಯಿ. ಅದೂ ಒಂದು ಸಲವಲ್ಲ, ಸಾಲಾಗಿ ಆರು ಸಲ. ಎಪ್ಪತ್ತರ ದಶಕದ ಕೊನೆಯ ಮಾತು. ಈ ಮೂರರಲ್ಲಿ ಯಾವ ಊರಿನ ಆಸ್ಪತ್ರೆ ಅಂತ ಮಾತ್ರ ಕೇಳಬೇಡಿ. ಪೆನ್ಷನ್ ಇನ್ನೂ ಬರುತ್ತಿದೆ.

೧. ಚೀಲದಲ್ಲಿ ಕರು

ದನದ ಆಸ್ಪತ್ರೆಗೆ ನಾಯಿ ತರುವ ಪದ್ಧತಿಯೇ ಆಗ ನಮ್ಮ ಕಡೆ ಇರಲಿಲ್ಲ. ಎತ್ತು ತಂದವನು ಮೀಸೆ ತಿರುವಿಕೊಂಡು ಬರುತ್ತಿದ್ದ. ಎಮ್ಮೆ ತಂದವನೂ ತಲೆ ಎತ್ತಿಕೊಂಡೇ ಬರುತ್ತಿದ್ದ. ನಾಯಿ ತಂದವನು ಮಾತ್ರ ವರ್ಷವಿಡೀ ಹೋಟೆಲಿನವರ ಬಾಯಿಗೆ ತುತ್ತಾಗುತ್ತಿದ್ದ.

ಒಂದು ಸಂತೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಇಪ್ಪತ್ತು ಜನ ರೈತರು ಕೂತಿದ್ದಾರೆ. ಐವತ್ತರ ಆಸುಪಾಸಿನ ಗೌಡರೊಬ್ಬರು ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಕಟ್ಟಿಕೊಂಡು ಬಂದರು. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವೆಲ್ಲು. ಚೀಲವನ್ನು ಮಗುವನ್ನು ಇಳಿಸಿದ ಹಾಗೆ ಮೆಲ್ಲಗೆ ಇಳಿಸಿದರು.

"ಏನು ಗೌಡ್ರೇ?" ಅಂದೆ.

ಗೌಡರು ಅತ್ತ ಇತ್ತ ನೋಡಿದರು. "ಕರು ಸ್ವಾಮಿ. ಎಳೇದು. ಕಾಲು ಜಖಂ ಆಗೈತೆ."

ನಮ್ಮ ಕಾಂಪೌಂಡರ್ ಬಹಳ ಚುರುಕಿನ ಮನುಷ್ಯ. ಚೀಲದ ಬಾಯಿ ಬಿಚ್ಚುವುದರೊಳಗೆ 'ಕರು ಒಂದು, ಗಂಡು, ಕಾಲು ಮುರಿತ' ಅಂತ ರಿಜಿಸ್ಟರಿನಲ್ಲಿ ಇಂಕಿನಲ್ಲಿ ಬರೆದಾಗಿತ್ತು. ನಾನು ಎಳೆಗರುವಿನ ಮೂತಿ ಸವರೋಣವೆಂದು ಚೀಲದೊಳಕ್ಕೆ ಕೈ ಹಾಕಿದೆ. ಒಳಗೆ ಗುರ್ರ್ ಅಂತು. ಮರುಗಳಿಗೆ ನನ್ನ ಕೈ ಯಾರದೋ ಬಾಯಲ್ಲಿತ್ತು!

"ಅಯ್ಯೋ! ಗೌಡ್ರೇ, ಕಚ್ತು! ನಿಮ್ಮ ಕರು ಕಚ್ತು!"

ಗೌಡರು ಜನರತ್ತ ಒಮ್ಮೆ ನೋಡಿ, ಸ್ವಲ್ಪವೂ ಅಲುಗದೆ ಹೇಳಿದರು: "ಹೂಂ ಸ್ವಾಮಿ. ಹಲ್ಲು ಬರೋ ಕಾಲ."

೨. ಹತ್ತು ದಿನ

ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ ಮೇಲೆ ಗೌಡರು ಬಾಯಿ ಬಿಟ್ಟರು. "ನಮ್ದಲ್ಲ ಸ್ವಾಮಿ. ಲಾರಿ ಹೊಡ್ಕಂಡು ಹೋಗಿತ್ತು, ರಸ್ತೇಲಿ ಬಿದ್ದಿತ್ತು. ಮೂರು ಜನ ದಾಟ್ಕಂಡು ಹೋದ್ರು. ನಾನೂ ದಾಟ್ಕಂಡು ಹೋದೆ. ಹೊಲದ ತಂಕ ಹೋದೆ, ಕೆಲಸಕ್ಕೆ ಕೈ ಬರ್ಲಿಲ್ಲ. ವಾಪಸ್ ಬಂದೆ. ಅಷ್ಟು ಜನರ ಮುಂದೆ ನಾಯಿ ಅನ್ನಕ್ಕೆ ನಾಲಗೆ ಏಳ್ಲಿಲ್ಲ, ತಪ್ಪಾಯ್ತು."

ಕರೀ ನಾಯಿ. ಬಲ ಹಿಂಗಾಲು ನಜ್ಜುಗುಜ್ಜಾಗಿತ್ತು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಜನರ ಆಸ್ಪತ್ರೆಯ ಡಾಕ್ಟರ ಹತ್ತಿರ ಓಡಿದೆ. ಆತ ನನ್ನ ಇಸ್ಪೀಟಿನ ಗೆಳೆಯ. ಗಾಯ ತೊಳೆದು ಹೇಳಿದ: "ನಾಯಿಯನ್ನು ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊ. ಅದು ಬದುಕಿದ್ದರೆ ಹುಚ್ಚಿಲ್ಲ ಅಂತ ಅರ್ಥ. ಸತ್ತರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್."

ದನಗಳಿಗೆ ಸಾವಿರ ಸೂಜಿ ಚುಚ್ಚಿದವನು ನಾನು. ನನಗೆ ಒಂದು ಸೂಜಿ ಅಂದರೆ ಜೀವ ಹೋಗುತ್ತದೆ! ಅದರಲ್ಲೂ ಆ ನಾಯಿ ಬದುಕಬೇಕಾದರೆ ಕಾಲು ತೆಗೆಯಲೇಬೇಕು. ತೆಗೆಯುವಾಗ ಸತ್ತರೆ ನನ್ನ ಹೊಕ್ಕಳಿಗೆ ಬಂತು. ಅರಿವಳಿಕೆ ಕೊಟ್ಟು ಆಪರೇಷನ್ ಶುರುಮಾಡಿದೆ. ನಿಜ ಹೇಳುತ್ತೇನೆ, ಅಷ್ಟು ಶ್ರದ್ಧೆಯಿಂದ ನಾನು ಯಾವ ಎತ್ತಿಗೂ ಹೊಲಿಗೆ ಹಾಕಿರಲಿಲ್ಲ.

ನಾಯಿಗೆ ಕರಿಯ ಅಂತ ಹೆಸರಾಯಿತು. ನಮ್ಮ ಮನೆಯವಳು ಅಲ್ಲಿಯವರೆಗೆ ನಾಯಿ ಕಂಡರೆ ಸೆರಗು ಎತ್ತಿಕೊಂಡು ಓಡುತ್ತಿದ್ದವಳು. ಈಗ ದಿನಾ ಎರಡು ಹೊತ್ತು ಆಸ್ಪತ್ರೆಗೆ ಬಂದು ಹಾಲು ಅನ್ನ ಕಲೆಸಿ ತಿನ್ನಿಸತೊಡಗಿದಳು. ಗಟ್ಟಿ ಹಾಲು ಕರಿಯನಿಗೆ, ನೀರು ಹಾಲಿನ ಕಾಫಿ ನನಗೆ. ದಾರಿಯಲ್ಲಿ ಸಿಕ್ಕವರು ನನ್ನ ಆರೋಗ್ಯ ಕೇಳುವುದನ್ನೇ ಬಿಟ್ಟರು.

"ಡಾಕ್ಟ್ರೇ, ನಾಯಿ ಹೆಂಗೈತೆ?"

"ಬೆಳಗ್ಗೆ ಚೆನ್ನಾಗಿ ತಿಂತು."

"ಹಂಗಾದ್ರೆ ನೀವೂ ಚೆನ್ನಾಗಿದೀರ ಬಿಡಿ."

ಹತ್ತು ದಿನ ಕಳೆಯಿತು. ಕರಿಯ ಬದುಕಿದ, ನಾನೂ ಬದುಕಿದೆ. ಹನ್ನೊಂದನೆಯ ಬೆಳಗ್ಗೆ ನೋಡುತ್ತೇನೆ, ನಮ್ಮ ಮನೆಯವಳು ಮತ್ತೆ ಹಾಲಿನ ಚೆಂಬು ಹಿಡಿದು ಹೊರಟಿದ್ದಾಳೆ. ನನಗೆ ಕಣ್ಣು ತುಂಬಿ ಬಂತು. "ಇನ್ನು ಭಯವಿಲ್ಲ ಕಣೇ. ನಾನು ಉಳ್ಕೊಂಡೆ. ನೀನು ಇಷ್ಟು ಒದ್ದಾಡಬೇಕಾಗಿಲ್ಲ" ಅಂದೆ.

ಅವಳು ಚಪ್ಪಲಿ ಮೆಟ್ಟುತ್ತಾ ಅಂದಳು: "ನಿಮ್ಮ ವಿಷಯ ಯಾರು ಮಾತಾಡಿದ್ರು ರೀ?"

೩. ಮೇಲಿನಿಂದ ಬಂದ ಕಾಗದ

ರಿಜಿಸ್ಟರಿನ 'ಕರು'ವನ್ನು ತಿದ್ದು ಅಂತ ಕಾಂಪೌಂಡರಿಗೆ ಹೇಳಿದ್ದೆ. "ಇಂಕಿನಲ್ಲಿ ಬರೆದಾಗಿದೆ ಸಾರ್. ಹೊಡೆದು ಹಾಕಿದರೆ ಯಾಕೆ ಹೊಡೆದೆ ಅಂತ ವಿವರಣೆ ಕೇಳ್ತಾರೆ. ಕರು ಅಂತಿದ್ದರೆ ಯಾರೂ ಏನೂ ಕೇಳಲ್ಲ" ಅಂದ. ಅನುಭವಸ್ಥ. ಸರಿ ಅಂದುಕೊಂಡೆ. ತಿಂಗಳ ವರದಿ ಅದೇ ರಿಜಿಸ್ಟರಿನ ಪ್ರಕಾರ ಹೋಯಿತು: 'ಕರು ಒಂದು. ಬಲ ಹಿಂಗಾಲು ತೆಗೆಯಲಾಗಿದೆ. ಗುಣಮುಖ. ಓಡಾಡುತ್ತಿದೆ.'

ಮೂರು ವಾರಕ್ಕೆ ಉತ್ತರ ಬಂತು. ಕವರ್ ಒಡೆದು ಓದಿದ ಕಾಂಪೌಂಡರ್ ಮೊದಲು ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ನಾನು ಕಾಗದ ಕಿತ್ತುಕೊಂಡೆ. ನಮ್ಮ ಮೇಲಧಿಕಾರಿಗಳ ಸಹಿ. ಮೂರು ಕಾಲಿನ ಮೇಲೆ ಕರು ಓಡಾಡುವುದು ತಮ್ಮ ಸರ್ವಿಸಿನಲ್ಲೇ ಕಂಡು ಕೇಳರಿಯದ ಸಂಗತಿ, ಇದು ನಮ್ಮೆಲ್ಲರಿಗೂ ಹೆಮ್ಮೆ, ಬರುವ ಗುರುವಾರ ತಾವೇ ಖುದ್ದಾಗಿ ಬಂದು ಆ ಕರುವನ್ನು ನೋಡುತ್ತಾರಂತೆ!

ಹೊರಗೆ ಕರಿಯ ಹುಲ್ಲಿನ ಮೇಲೆ ಮಲಗಿ ನೊಣ ಹಿಡಿಯುತ್ತಿದ್ದ. ಕಾಂಪೌಂಡರ್ ಅವನ ಕಾಲುಗಳನ್ನು ಇನ್ನೊಮ್ಮೆ ಎಣಿಸಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಸಾರ್, ಗುರುವಾರದೊಳಗೆ ಎಲ್ಲಾದರೂ ಮೂರು ಕಾಲಿನ ಕರು ಸಿಗಬಹುದಾ?"

೪. ಅರ್ಧ ಟಿಕೆಟ್

ಉಳಿದಿದ್ದು ಒಂದೇ ದಾರಿ. ಯಜಮಾನರು ಕರುವನ್ನು ಕರೆದುಕೊಂಡು ಹೋದರು ಅಂತ ಬರೆಯುವುದು. ಹಾಗೆ ಬರೆಯಬೇಕಾದರೆ ಕರಿಯನಿಗೆ ಗುರುವಾರದೊಳಗೆ ಒಂದು ಮನೆ ಸಿಗಬೇಕು.

ಗೌಡರು ಒಂದು ದಿನ ಬಿಟ್ಟು ಒಂದು ದಿನ ಆಸ್ಪತ್ರೆಗೆ ಬರುತ್ತಲೇ ಇದ್ದರು. ಏನೂ ಆಗದ ಎಮ್ಮೆಯನ್ನು ಹೊಡೆದುಕೊಂಡು ಬಂದು, ಅದನ್ನು ಮರಕ್ಕೆ ಕಟ್ಟಿ, ಕರಿಯನ ಪಕ್ಕ ಒಂದು ಗಂಟೆ ಕೂತು ಹೋಗುವರು. "ನೀವೇ ಇಟ್ಕೊಳ್ಳಿ ಗೌಡ್ರೇ" ಅಂದರೆ ಮುಖ ಸಣ್ಣದಾಗುತ್ತಿತ್ತು. "ನಂಗೂ ಆಸೆ ಸ್ವಾಮಿ. ಅವ್ವ ಬಿಡಲ್ಲ. ಲಿಂಗಪೂಜೆ ಮಾಡೋರು. ನಾಯಿ ಹೊಸಲು ದಾಟಿದ ದಿನವೇ ಊಟ ಬಿಡ್ತೀನಿ ಅಂದವ್ರೆ. ಎಂಬತ್ತು ವರ್ಷ. ನಿಜವಾಗ್ಲೂ ಬಿಡ್ತಾರೆ."

ಲಕ್ಕವಳ್ಳಿಯಲ್ಲಿ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಪರಿಚಯದ ಇಂಜಿನಿಯರೊಬ್ಬರು ಒಪ್ಪಿಕೊಂಡರು. ಸೋಮವಾರ ಕರಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ತಕರಾರು ತೆಗೆದ. ಕೊನೆಗೆ ಅರ್ಧ ಟಿಕೆಟ್ಟಿಗೆ ಒಪ್ಪಿದ. ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ, ಲಕ್ಕವಳ್ಳಿಗೆ ಮುಟ್ಟಿಸಿ, ತಿರುಗಿ ನೋಡದೆ ಬಂದೆ. ನಮ್ಮ ಮನೆಯವಳು ನನ್ನ ಜೊತೆ ಮಾತು ಬಿಟ್ಟಳು.

ಬುಧವಾರ ಬೆಳಗ್ಗೆ ಅದೇ ಬಸ್ಸು ಆಸ್ಪತ್ರೆಯ ಮುಂದೆ ಬಂದು ಹಾರನ್ ಹೊಡೆಯಿತು. ಅಲ್ಲಿ ಸ್ಟಾಪೇ ಇಲ್ಲ! ಹೊರಗೆ ಬಂದು ನೋಡಿದರೆ ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ಕರಿಯ.

"ಇದೇನಪ್ಪಾ ಇದು!" ಅಂತ ಕಿರುಚಿದೆ.

"ತರೀಕೆರೆ ಸ್ಟ್ಯಾಂಡಲ್ಲಿ ಲಕ್ಕವಳ್ಳಿ ಬಸ್ಸಿಂದ ಇಳೀತು ಸಾರ್. ಸೀದಾ ಬಂದು ನಮ್ಮ ಬಸ್ಸು ಹತ್ತಿ ಕೂತ್ಕೊಂಡ್ತು" ಅಂದ ಕಂಡಕ್ಟರ್. ಆಮೇಲೆ ಬಹಳ ನ್ಯಾಯವಂತನ ಹಾಗೆ ಸೇರಿಸಿದ: "ನಾನು ಏನೂ ಕೇಳ್ಲಿಲ್ಲ. ಮೊನ್ನೆ ನಿಮ್ಮ ತೊಡೆ ಮೇಲೇ ಬಂದಿತ್ತು, ಸೀಟು ಬಾಕಿ ಇತ್ತಲ್ಲ."

೫. ತಪಾಸಣೆ

ಗುರುವಾರ ಜೀಪು ಬಂತು. ಅಧಿಕಾರಿಗಳು ಕೊರಳಿಗೆ ಕ್ಯಾಮರಾ ಹಾಕಿಕೊಂಡೇ ಇಳಿದರು. ಅಂಗಳದ ತುಂಬ ರೈತರು. ಎಮ್ಮೆ ಹಗ್ಗ ಹಿಡಿದು ಗೌಡರೂ ಹಿಂದೆ ನಿಂತಿದ್ದರು.

"ಎಲ್ರೀ ನಿಮ್ಮ ಕರು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕರಿಯ ಕುಂಟುತ್ತಾ ಬಂದು ಅವರ ಬೂಟನ್ನು ಮೂಸಿ, ಮುಂದೆ ಕೂತ.

"ಇದೇ ಸಾರ್" ಅಂದ ಕಾಂಪೌಂಡರ್.

"ಇದು ಕರುನಾ?"

"ರಿಜಿಸ್ಟರ್ ಪ್ರಕಾರ, ಸಾರ್."

ಅಧಿಕಾರಿಗಳ ಮುಖ ಕೆಂಪಗಾಯಿತು. "ಇದೇನು ಆಸ್ಪತ್ರೆನಾ ಛತ್ರನಾ? ಯಜಮಾನ ಇದ್ದರೆ ಈಗಲೇ ಕರ್ಕೊಂಡು ಹೋಗಲಿ. ಇಲ್ಲದಿದ್ದರೆ ಬೀದಿ ನಾಯಿ ಹಿಡಿಯೋರಿಗೆ ಹೇಳಿ ಕಳಿಸಿ. ನಾನು ಜೀಪು ಹತ್ತೋ ಹೊತ್ತಿಗೆ ಇದು ಇಲ್ಲಿರಕೂಡದು!"

ಹೇಳಿ ಕಳಿಸುವುದು ಅಂದರೆ ಏನು ಅಂತ ಆ ಕಾಲದವರಿಗೆಲ್ಲ ಗೊತ್ತಿತ್ತು. ವಿಷದ ಉಂಡೆ. ನನ್ನ ಕಣ್ಣು ಗೌಡರ ಮೇಲೆ ಹೋಯಿತು. ಅವರು ನೆಲ ನೋಡುತ್ತಿದ್ದರು. ಸುತ್ತ ಅವರ ಊರಿನವರೇ ಹತ್ತು ಜನ. ಗೌಡರು ಎಮ್ಮೆಯ ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟರು, ಮುಂದೆ ಬಂದರು, ಹೆಗಲ ಟವೆಲ್ಲನ್ನು ಕರಿಯನ ಕೊರಳಿಗೆ ಕಟ್ಟಿದರು.

"ನಂದೇ ಸ್ವಾಮಿ ಈ ಕರು."

ಹಿಂದಿನಿಂದ ಒಬ್ಬ ಕೂಗಿದ: "ಗೌಡ್ರೇ, ನಿಮ್ ಕರು ಬಾಲ ಅಲ್ಲಾಡಿಸ್ತೈತೆ!"

"ಯಾಕಲೇ, ನಿನ್ ಎತ್ತು ಅಲ್ಲಾಡಿಸಲ್ವಾ?"

ಅಂಗಳವೆಲ್ಲ ಗೊಳ್ಳೆಂದಿತು. ಅಧಿಕಾರಿಗಳು ನಗಲಿಲ್ಲ. ಬಗ್ಗಿ ಕರಿಯನ ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದರು. ಎಷ್ಟಾದರೂ ಅವರೂ ಡಾಕ್ಟರೇ. ನನ್ನನ್ನೊಮ್ಮೆ ನೋಡಿದರು. ಒಳಗೆ ಹೋಗಿ ತಪಾಸಣೆಯ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಜೀಪು ಹತ್ತಿದರು. ನನ್ನ ಕೆಲಸ ಹೋಯಿತು ಅಂದುಕೊಂಡೇ ಪುಸ್ತಕ ತೆಗೆದೆ.

'ಸದರಿ ಕರುವನ್ನು ಖುದ್ದಾಗಿ ಪರಿಶೀಲಿಸಲಾಯಿತು. ಆಪರೇಷನ್ ಉತ್ತಮವಾಗಿದೆ. ಯಜಮಾನರ ವಶಕ್ಕೆ ಒಪ್ಪಿಸಲಾಗಿದೆ. ಬೊಗಳುತ್ತದೆ.'

೬. ಅಜ್ಜಿಯ ತಕರಾರು

ನಗು ಮುಗಿದ ಮೇಲೆ ನನಗೆ ಚಿಂತೆ ಹತ್ತಿತು. ಗೌಡರ ತಾಯಿ ಊಟ ಬಿಟ್ಟಿದ್ದರೆ? ಕರಿಯ ಮತ್ತೆ ರಸ್ತೆಗೆ ಬಿದ್ದಿದ್ದರೆ? ಭಾನುವಾರ ಸೈಕಲ್ ತುಳಿದುಕೊಂಡು ಗೌಡರ ಊರಿಗೆ ಹೋದೆ. ಮನೆಯ ಮುಂದೆ ನಾಯಿಯ ಸದ್ದೇ ಇಲ್ಲ. ಜಗಲಿಯಲ್ಲಿ ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದರು.

"ನೀನೇ ಏನಪ್ಪಾ ಡಾಕ್ಟ್ರು? ಬಾ, ನಿನ್ನೇ ಕಾಯ್ತಿದ್ದೆ."

"ಅಜ್ಜೀ... ಆ ನಾಯಿ..."

"ಹೊಸಲು ದಾಟ್ಲಿಲ್ಲ ಕಣಪ್ಪ."

ನಾನು ಕರಿಯನನ್ನು ಹುಡುಕಲು ಸೈಕಲ್ ತಿರುಗಿಸಿದೆ.

"ದಾಟಕ್ಕೆ ಬರ್ಲಿಲ್ಲ ಅದಕ್ಕೆ. ನಮ್ ಹೊಸಲು ಎತ್ತರ. ಎರಡು ಕಿತ ನೆಗೀತು, ಎರಡು ಕಿತಾನೂ ಮುಗ್ಗರಿಸ್ತು. ನೋಡಕ್ಕಾಗ್ಲಿಲ್ಲ. ನಾನೇ ಎತ್ತಿ ಒಳಕ್ಕೆ ಬಿಟ್ಟೆ. ನಾನು ಎತ್ತಿ ಬಿಟ್ರೆ ಅದು ದಾಟ್ದಂಗೆ ಆಗ್ತದಾ? ಆಗಲ್ಲ. ಅದಕ್ಕೇ ಉಣ್ತಾ ಇದೀನಿ."

ಒಳಗೆ ಇಣುಕಿದೆ. ಅಜ್ಜಿಯ ಕಂಬಳಿಯ ಮೇಲೆ ಕರಿಯ ಅಂಗಾತ ಮಲಗಿದ್ದ. ನಾನು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಅಜ್ಜಿ ಕುಟ್ಟಾಣಿ ಪಕ್ಕಕ್ಕಿಟ್ಟರು.

"ಅದಿರ್ಲಿ. ಅದರ ಇನ್ನೊಂದು ಕಾಲೆಲ್ಲಿ?"

"ಕಾಲಾ? ಆಸ್ಪತ್ರೆಯ ಹಿತ್ತಲಲ್ಲಿ ಹುಗಿದಿದ್ದೀವಿ ಅಜ್ಜಿ."

"ಚೆನ್ನಾಗೈತೆ ನಿನ್ನ ಓದು! ನಮ್ಮಲ್ಲಿ ಸುಡಲ್ಲ, ಇಡೀ ಮೈ ಮಣ್ಣು ಮಾಡೋದು ಕಣಪ್ಪ. ನಾಳೆ ಇದು ಹೋದ್ರೆ ಹೊಲದ ಬದೀಲಿ ಮಣ್ಣು ಮಾಡ್ಬೇಕು. ಮೂರು ಕಾಲು ನಮ್ ಹೊಲದಾಗೆ, ಒಂದು ಕಾಲು ನಿನ್ ಹಿತ್ತಲಾಗೆ ಇದ್ರೆ, ಪಾಪ, ಅದು ಎದ್ದು ಎತ್ಲಾಗೆ ಹೋಗ್ಬೇಕು? ಜಾಗ ಗುರ್ತೈತಾ?"

ಐದು ವರ್ಷ ಕಾಲೇಜಿನಲ್ಲಿ ಓದಿದವನು ನಾನು. ಆದರೂ 'ಗುರುತಿದೆ ಅಜ್ಜಿ, ನಾಳೆಯೇ ಬಂದು ತಗೊಂಡು ಹೋಗಿ' ಅಂದುಬಿಟ್ಟೆ.

ಮರುದಿನ ಬೆಳಗ್ಗೆ ಎತ್ತಿನ ಗಾಡಿ ಬಂತು. ಗುದ್ದಲಿ ಹಿಡಿದ ಗೌಡರು, ಹೊಸ ಬಿಳೀ ಬಟ್ಟೆ ಹಿಡಿದ ಅಜ್ಜಿ, ಅಜ್ಜಿಯ ಪಕ್ಕ ಕಂಬಳಿಯ ಮೇಲೆ ಕರಿಯ. ನಮ್ಮ ಮನೆಯವಳು ತೆಂಗಿನಕಾಯಿ ಹಿಡಿದು ಓಡಿ ಬಂದಳು. ಕಾಂಪೌಂಡರ್ ತೋರಿಸಿದ ಕಡೆ ಅಗೆದರೆ ಏನೂ ಇಲ್ಲ. ಇನ್ನೊಂದು ಕಡೆ ಅಗೆದೆವು, ಅಲ್ಲೂ ಇಲ್ಲ. ಅಜ್ಜಿ ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡತೊಡಗಿದರು.

ಆಗ ಕರಿಯ ಗಾಡಿಯಿಂದ ಕೆಳಗೆ ಧುಮುಕಿದ. ಮೂಸಿದ. ನುಗ್ಗೆಮರದ ಬುಡದಲ್ಲಿ ಮುಂಗಾಲಲ್ಲಿ ಪರಪರ ಕೆದರಿದ. ಒಂದು ಮೂಳೆ ಮೇಲೆ ಬಂತು. ಅಜ್ಜಿ ಭಕ್ತಿಯಿಂದ ಬಿಳೀ ಬಟ್ಟೆ ಹಾಸಿದರು. ನಾವೆಲ್ಲ ಕೈ ಮುಗಿದೆವು. ಕರಿಯ ಮೂಳೆಯನ್ನು ಬಾಯಲ್ಲಿ ಕಚ್ಚಿಕೊಂಡು, ಬಟ್ಟೆಯನ್ನು ದಾಟಿ, ಮೂರು ಕಾಲಲ್ಲಿ ಆ ಪರಿ ಓಟ ಕಿತ್ತ! ಹಿಂದೆ ಗೌಡರು, ಗೌಡರ ಹಿಂದೆ ನಾನು, ನನ್ನ ಹಿಂದೆ ಕಾಂಪೌಂಡರ್. ಎಲ್ಲರ ಹಿಂದೆ, ಸೀರೆ ಎತ್ತಿಕಟ್ಟಿಕೊಂಡು, ಎಂಬತ್ತು ವರ್ಷದ ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾ ಬರುತ್ತಿದ್ದರು:

"ಕಡೀಬ್ಯಾಡ ಕಣೋ ಮುಂಡೇದೇ, ಅದು ನಿಂದೇ ಕಾಲು!"